ಅರವತ್ತಮೂರು ಹೆಸರಿನ ತಗಡು: ಬಸವರಾಜೇಶ್ವರಿಯವರ ಮರುಹೇಳಿಕೆ

ಬಸವರಾಜೇಶ್ವರಿ ಕೋಂ ಲೇಟ್ ಹಾಲಸ್ವಾಮಿ, 57 ವರ್ಷ, ಲಿಂಗಾಯತರು, ಸ್ಟೀಲ್ ಪಾತ್ರೆ ವ್ಯಾಪಾರ, ವಾಸ ಓಲ್ಡ್ ಟೌನ್, ಭದ್ರಾವತಿ. ಇಂದು ದಿನಾಂಕ 19-04-2025ರ ಶನಿವಾರ ಬೆಳಿಗ್ಗೆ 10-20ಕ್ಕೆ, ಯಾರೂ ಕರೆಸದೆ, ಯಾರೂ ಹೇಳಿಕೊಡದೆ, ನಾನಾಗಿಯೇ ಶಿವಮೊಗ್ಗದ ತಮ್ಮ ಠಾಣೆಗೆ ಬಂದು ಬರೆಸುತ್ತಿರುವುದು ಏನೆಂದರೆ:

ದಿನಾಂಕ 13-04-2025ರ ಭಾನುವಾರ ಮಧ್ಯಾಹ್ನ ಇದೇ ಊರಿನ ನವುಲೆಯ ಶಾಮಿಯಾನ ಗೋಡೌನಿನಲ್ಲಿ ಬೆಂಕಿ ಬಿದ್ದು ಜ್ಞಾನೇಶ್ ಎಂಬ 33 ವರ್ಷದ ಕಂಪ್ಯೂಟರ್ ರಿಪೇರಿಯವರು ತೀರಿಕೊಂಡರು. ಆ ಬಗ್ಗೆ ಅದೇ ದಿನ ಸಂಜೆ 6-30ಕ್ಕೆ ಶವಾಗಾರದ ಮುಂದೆ ನಾನು ಒಂದು ಹೇಳಿಕೆ ಕೊಟ್ಟಿರುತ್ತೇನೆ. ಅದರಲ್ಲಿ ಒಂದು ವಿಷಯ ಮುಚ್ಚಿಟ್ಟೆ, ಇನ್ನೊಂದು ವಿಷಯ ಸುಳ್ಳು ಹೇಳಿದೆ. ಗೋಡೌನ್ ಮಾಲೀಕರಾದ ಭೈರಪ್ಪನವರ ದೂರಿನಲ್ಲಿ, ಜ್ಞಾನೇಶ್ ಕಳಪೆ ವೈರಿಂಗ್ ಮಾಡಿದ್ದರಿಂದ ಬೆಂಕಿ ಬಿತ್ತು, ತನ್ನ ತಪ್ಪಿನಿಂದ ತಾನೇ ಸತ್ತ ಎಂದು ಬರೆದಿದೆ. ಅದು ಹಾಗಲ್ಲ. ಹೇಗೆ ಅಲ್ಲ ಎಂಬುದನ್ನು ಮೊದಲಿನಿಂದ ಹೇಳುತ್ತೇನೆ. ಆಡಿದ ಮಾತನ್ನು ಆಡಿದ ಹಾಗೇ ಬರೆದುಕೊಳ್ಳಬೇಕೆಂದು ರೈಟರ್ ಧರ್ಮೇಂದ್ರ ಅವರನ್ನು ಕೇಳಿಕೊಂಡಿದ್ದೇನೆ.

ನನ್ನ ಯಜಮಾನರು 2020ರ ಫೆಬ್ರವರಿಯಲ್ಲಿ ಹೊಸನಗರದ ಕಡೆ ಒಂದು ಮದುವೆ ಮನೆಗೆ ಪಾತ್ರೆ ತಲುಪಿಸಲು ಹೋಗಿದ್ದರು. ಸುಮ್ಮನೆ ಬರಬಾರದಿತ್ತೇ? ಚಪ್ಪರಕ್ಕೆ ಸೊಪ್ಪು ತರುವವರ ಜೊತೆ ಕಾಡಿಗೂ ಹೋದರು. ಉಣುಗು ಕಚ್ಚಿ ಮಂಗನ ಕಾಯಿಲೆ ಹತ್ತಿತು. ಜ್ವರ ಬಂದ ಒಂಬತ್ತನೇ ದಿನ ಹೋದರು. ಈ ಕಾಯಿಲೆಗೆ ಅಂತಲೇ ಮದ್ದು ಇಲ್ಲಮ್ಮ ಎಂದು ಡಾಕ್ಟರು ಹೇಳಿದಾಗ, ಇಷ್ಟು ವರ್ಷ ಏನು ಕತ್ತೆ ಕಾಯ್ತಿದ್ರಾ ಎಂದು ನಾನು ಅವರ ಮೇಲೆ ಕೂಗಾಡಿದ್ದೆ. ಆ ಸಿಟ್ಟು ನನಗೆ ಇಳಿದೇ ಇಲ್ಲ.

2023ರ ಆಗಸ್ಟ್‌ನಲ್ಲಿ ಶ್ರೀನಿವಾಸಮೂರ್ತಿ ಎಂಬ ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು ನನ್ನ ಅಂಗಡಿಗೆ ಕುಕ್ಕರಿನ ಗ್ಯಾಸ್ಕೆಟ್ ಕೇಳಿಕೊಂಡು ಬಂದರು. ಗೋಡೆಯ ಮೇಲಿನ ಫೋಟೋ ನೋಡಿ ವಿಚಾರಿಸಿದರು. ಆಮೇಲೆ ತಾವು ಹತ್ತು ಹನ್ನೆರಡು ಜನ ಸೇರಿ ಒಂದು ಕೆಲಸ ಮಾಡುತ್ತಿರುವುದಾಗಿ ತಿಳಿಸಿದರು. ಅದೇನೆಂದರೆ, ಮಂಗನ ಕಾಯಿಲೆಯ ವೈರಸ್ಸಿಗೆ ಯಾವ ರಾಸಾಯನಿಕ ಅಂಟಿಕೊಳ್ಳುತ್ತದೆ ಎಂದು ಹುಡುಕುವ ದೊಡ್ಡ ಲೆಕ್ಕವೊಂದಿದೆ. ಬೀಗ ಒಂದು, ಹಾಕಿ ನೋಡಬೇಕಾದ ಕೀ ಲಕ್ಷಾಂತರ. ವಿಜ್ಞಾನಿಗಳು ಆ ಲೆಕ್ಕವನ್ನು ಸಣ್ಣ ಸಣ್ಣ ತುಂಡು ಮಾಡಿ ಇಂಟರ್‌ನೆಟ್ಟಿನಲ್ಲಿ ಕಳಿಸುತ್ತಾರೆ. ಮನಸ್ಸಿದ್ದವರು ತಮ್ಮ ಮನೆಯ ಕಂಪ್ಯೂಟರಿನಲ್ಲಿ ಅದನ್ನು ಮಾಡಿ ವಾಪಸ್ ಕಳಿಸುತ್ತಾರೆ. ಯಾರಿಗೂ ಸಂಬಳವಿಲ್ಲ. ಮೇಷ್ಟ್ರ ಬಳಗದ ಹಳೇ ಕಂಪ್ಯೂಟರುಗಳೆಲ್ಲ ಸೇರಿದರೂ ಕೆಲಸ ಆಮೆ ನಡಿಗೆ, ಒಂದೇ ಒಂದು ಒಳ್ಳೇ ಮೆಷಿನ್ ಕಟ್ಟಿದರೆ ಅದರ ನೂರು ಪಟ್ಟು ಆಗುತ್ತದೆ ಎಂದರು. ದುಡ್ಡು ನಾನು ಎತ್ತಿಕೊಡ್ತೀನಿ ಮೇಷ್ಟ್ರೇ, ನೀವು ಕಟ್ಟಿಸಿ ಎಂದು ನಾನು ನಿಂತ ಕಾಲಲ್ಲಿ ಹೇಳಿದೆ.

ಐದು ತಿಂಗಳು ಮನೆಮನೆ ತಿರುಗಿದೆ. ನನ್ನದೂ ಸೇರಿ ಅರವತ್ತಮೂರು ಮನೆಯವರು ಕೊಟ್ಟರು. ಕೊಟ್ಟ ಪ್ರತಿಯೊಬ್ಬರಿಗೂ, ನಿಮ್ಮ ಹೆಸರು ಮೆಷಿನ್ ಮೇಲೆ ಇರುತ್ತೆ ಎಂದು ಮಾತು ಕೊಟ್ಟಿದ್ದೆ. ಆ ಮಾತು ನನ್ನದು. ಮೇಷ್ಟ್ರು ಹೇಳಿದ್ದಲ್ಲ, ಜ್ಞಾನೇಶ್ ಹೇಳಿದ್ದಲ್ಲ. ನಮ್ಮ ಕಡೆ ಮಠಕ್ಕೆ ಫ್ಯಾನ್ ಕೊಟ್ಟರೆ ಫ್ಯಾನಿನ ರೆಕ್ಕೆಯ ಮೇಲೆ ಹೆಸರು, ಟ್ಯೂಬ್‌ಲೈಟ್ ಕೊಟ್ಟರೆ ಅದರ ಮೇಲೂ ಹೆಸರು. ಬೆಳಕು ಅಷ್ಟು ಕಮ್ಮಿಯಾದರೂ ಯಾರೂ ಏನೂ ಅನ್ನುವುದಿಲ್ಲ. ಮೂವತ್ತು ವರ್ಷದಿಂದ ನನ್ನ ಅಂಗಡಿಯಲ್ಲಿ ನಾನೇ ಕೈಯಾರೆ ಪಾತ್ರೆಗಳ ಮೇಲೆ ಹೆಸರು ಕೊರೆಯುತ್ತಿದ್ದೇನೆ. ಕೊಟ್ಟವರ ಹೆಸರು ಕೊಟ್ಟ ವಸ್ತುವಿನ ಮೇಲೆಯೇ ಇರಬೇಕು ಎಂಬುದು ಬಿಟ್ಟು ನನಗೆ ಬೇರೆ ಗೊತ್ತಿರಲಿಲ್ಲ.

ಮೆಷಿನ್ ಕಟ್ಟಿದ್ದು ಜ್ಞಾನೇಶ್. ಅವರಿಗೆ ನವುಲೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇತ್ತು. ನಾನು ಅವನನ್ನು ಏಕವಚನದಲ್ಲೇ ಕರೆಯುತ್ತಿದ್ದೆ, ಅವನು ನನ್ನನ್ನು ಅಮ್ಮ ಎನ್ನುತ್ತಿದ್ದ. ಇನ್ನು ಮುಂದೆ ಹಾಗೇ ಬರೆದುಕೊಳ್ಳಿ. 2024ರ ಜನವರಿಯಿಂದ ಮೇ ತಿಂಗಳವರೆಗೆ ಬಿಡುವಾದಾಗಲೆಲ್ಲ ಕೂತು ಕಟ್ಟಿದ. ಲೆಕ್ಕವನ್ನು ಬೇಗ ಮಾಡುವ ಎಂಟು ಗ್ರಾಫಿಕ್ ಕಾರ್ಡುಗಳನ್ನು ಸೆಕೆಂಡ್ ಹ್ಯಾಂಡಿನಲ್ಲಿ ಒಂದೊಂದಾಗಿ ಪರೀಕ್ಷೆ ಮಾಡಿ ತಂದ. ಭದ್ರಾವತಿಯ ಗುಜರಿಯಲ್ಲಿ ಕಬ್ಬಿಣ ಆರಿಸಿ, ಬೀರುವಿನಷ್ಟು ಎತ್ತರದ, ಆರು ಅಡಿಯ ಚೌಕಟ್ಟು ವೆಲ್ಡ್ ಮಾಡಿಸಿದ. ಅದರ ಮುಂಬಾಗಿಲು ಪೂರ್ತಿ ಜಾಲರಿ. ವೈರಿಂಗ್ ಅವನು ಮಾಡಿದ್ದಲ್ಲ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ ಬೇರೆ ಲೈನ್, ಬೇರೆ ಅರ್ಥಿಂಗ್ ಹಾಕಿಸಿದ. ಅದರ ರಸೀದಿ ಇವತ್ತು ತಂದಿದ್ದೇನೆ. ಭೈರಪ್ಪನವರು ತಮ್ಮ ಶಾಮಿಯಾನ ಗೋಡೌನಿನಲ್ಲಿ ಪ್ಲೈವುಡ್ ಗೋಡೆ ಹೊಡೆಸಿ ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಜಾಗ ಬಾಡಿಗೆಗೆ ಕೊಟ್ಟರು.

ದಿನಾಂಕ 02-06-2024ರ ಭಾನುವಾರ ಮೆಷಿನ್ ಶುರು ಮಾಡುವ ದಿನ ನಾನು ತಗಡು ತೆಗೆದುಕೊಂಡು ಹೋದೆ. ಸ್ಟೀಲಿನದು, ಎರಡು ಅಡಿ ಅಗಲ, ನಾಲ್ಕು ಅಡಿ ಎತ್ತರ. ಅದರಲ್ಲಿ ಅರವತ್ತಮೂರು ಹೆಸರು ನಾನೇ ಕೊರೆದಿದ್ದೆ. ಎಲ್ಲಕ್ಕಿಂತ ಮೇಲೆ ಎರಡು ಇಂಚಿನ ಅಕ್ಷರದಲ್ಲಿ ನನ್ನ ಯಜಮಾನರ ಹೆಸರಿತ್ತು. ಜಾಲರಿಯ ಮೇಲೆ ಹಾಕಬೇಕೆಂದಾಗ ಜ್ಞಾನೇಶ್, "ಅಮ್ಮಾ, ಇದು ಉಸಿರಾಡೋದೇ ಇಲ್ಲಿಂದ. ಇದನ್ನ ಮುಚ್ಚಿದ್ರೆ ಒಳಗಡೆ ಎಲ್ಲ ಬೆಂದು ಹೋಗುತ್ತೆ. ಪಕ್ಕದ ಗೋಡೆಗೆ ಚೆನ್ನಾಗಿ ಹಾಕ್ಕೊಡ್ತೀನಿ" ಎಂದ. ಗೋಡೆ ಭೈರಪ್ಪಂದು ಮಾರಾಯ, ನಾವು ದುಡ್ಡು ಕೊಟ್ಟಿದ್ದು ಮೆಷಿನ್ನಿಗೆ ಎಂದು ನಾನು ಹಟ ಹಿಡಿದೆ. ಮೇಷ್ಟ್ರು ಮಧ್ಯೆ ಬಾಯಿ ಹಾಕಿದ್ದಕ್ಕೆ ಅವರಿಗೂ ಎರಡು ಮಾತು ಅಂದೆ. ಕೊನೆಗೆ ಜ್ಞಾನೇಶ್ ಜಾಲರಿಯಿಂದ ಒಂದೂವರೆ ಇಂಚು ಬಿಟ್ಟು ನಾಲ್ಕು ಬೋಲ್ಟ್ ಹಾಕಿ ತಗಡು ಕೂರಿಸಿದ. ಹಿಂದುಗಡೆ ತನ್ನ ಕೈಯಿಂದ ಎರಡು ಫ್ಯಾನ್ ಹೆಚ್ಚಿಗೆ ಹಾಕಿದ.

ಆ ತಗಡಿನಲ್ಲಿ ಜ್ಞಾನೇಶ್ ಹೆಸರು ಇರಲಿಲ್ಲ. ದುಡ್ಡು ಕೊಟ್ಟವರ ಹೆಸರು ಮಾತ್ರ ಹಾಕಿದ್ದೆ. ಐದು ತಿಂಗಳು ದುಡಿದವನ ಹೆಸರು ಹಾಕಬೇಕು ಎಂದು ನನಗೆ ಹೊಳೆಯಲೂ ಇಲ್ಲ. ಅವನೂ ಕೇಳಲಿಲ್ಲ.

ಮಳೆಗಾಲ, ಚಳಿಗಾಲ ಏನೂ ತೊಂದರೆಯಾಗಲಿಲ್ಲ. ಮೆಷಿನ್ ಹಗಲೂ ರಾತ್ರಿ ಓಡಿತು. ಎಷ್ಟು ತುಂಡು ಮುಗಿಯಿತು ಎಂಬುದು ನನ್ನ ಫೋನಿನಲ್ಲಿ ಕಾಣುವ ಹಾಗೆ ಅವನು ಮಾಡಿಕೊಟ್ಟಿದ್ದ. ದಿನಾ ಅಂಗಡಿ ಬಾಗಿಲು ತೆಗೆದ ಕೂಡಲೇ ಅದನ್ನು ನೋಡುತ್ತಿದ್ದೆ. ಕರೆಂಟ್ ಹೋದರೆ ಮಾಡಿದ್ದೆಲ್ಲ ಹಾಳಾಗುತ್ತಾ ಎಂದು ಎಷ್ಟೋ ಸಲ ಕೇಳಿದ್ದೇನೆ. ಮಾಡಿದ ಕೆಲಸ ಆಗಿಂದಾಗ್ಗೆ ವಿಜ್ಞಾನಿಗಳಿಗೆ ಹೋಗಿಬಿಡುತ್ತೆ, ಈ ಡಬ್ಬದಲ್ಲಿ ಏನೂ ಉಳಿಯೋದಿಲ್ಲ ಎಂದು ಅವನು ಪ್ರತಿ ಸಲವೂ ಬೇಸರವಿಲ್ಲದೆ ಹೇಳುತ್ತಿದ್ದ. ಆದ್ದರಿಂದ ಈ ವಿಷಯ ನನಗೆ ಗೊತ್ತಿರಲಿಲ್ಲ ಎಂದು ನಾನು ಹೇಳುವಂತಿಲ್ಲ.

ಈ ವರ್ಷ ಮಾರ್ಚ್ ಮೊದಲ ವಾರ ಬಿಸಿಲು ಏರಿದಾಗ ಮೆಷಿನ್ ಮೂರು ಸಲ ತಾನಾಗಿ ನಿಂತಿತು. ದಿನಾಂಕ 09-03-2025ರಂದು ಜ್ಞಾನೇಶ್ ನನಗೆ ಹೇಳದೆ ತಗಡು ಬಿಚ್ಚಿ ಗೋಡೆಗೆ ಒರಗಿಸಿಟ್ಟ. 15ನೇ ತಾರೀಕು ಅಲ್ಲಿಗೆ ಹೋಗಿದ್ದ ದಾನಿಯೊಬ್ಬರು ಫೋನ್ ಮಾಡಿ, ನಮ್ಮ ಹೆಸರೆಲ್ಲ ನೆಲದ ಮೇಲೆ ಬಿದ್ದಿದೆಯಲ್ಲಮ್ಮ ಎಂದರು. ನನಗೆ ಮೈಯೆಲ್ಲ ಉರಿದು ಹೋಯಿತು. ಮಾರನೇ ದಿನ ಬೆಳಿಗ್ಗೆ 9-40ರ ಬಸ್ ಹತ್ತಿ ನೇರ ಅವನ ಅಂಗಡಿಗೆ ಹೋದೆ. ಗಿರಾಕಿಗಳು ನಾಲ್ಕು ಜನ ಇದ್ದರು. ಅವರೆದುರಿಗೇ, "ಸತ್ತವರ ಹೆಸರು ಕಿತ್ತು ನೆಲಕ್ಕಿಡೋಕೆ ನಿಂಗೆ ಮನಸ್ಸಾದ್ರೂ ಹೆಂಗೆ ಬಂತೋ? ನಿಮ್ಮಪ್ಪನ ಫೋಟೋ ಹಿಂಗೇ ನೆಲಕ್ಕಿಡ್ತೀಯಾ?" ಎಂದು ಕೇಳಿದೆ. ಅವನ ಮುಖ ಇಷ್ಟೇ ಇಷ್ಟಾಯಿತು. ಬಿಸಿಲು ಇಳಿಯೋವರೆಗಾದ್ರೂ ಬಿಡಿ ಅಮ್ಮಾ, ಜೂನಿನಲ್ಲಿ ನಾನೇ ಹಾಕ್ತೀನಿ ಎಂದು ಬೇಡಿಕೊಂಡ. ನಾನು ಒಪ್ಪಲಿಲ್ಲ. ಮಧ್ಯಾಹ್ನ 12 ಗಂಟೆಗೆ ನಾನು ನಿಂತು ನೋಡುತ್ತಿರುವಾಗಲೇ ನಾಲ್ಕು ಬೋಲ್ಟನ್ನೂ ಬಿಗಿದು, ತಪ್ಪಾಯ್ತು ಅಮ್ಮಾ ಎಂದ. ತಪ್ಪು ಅವನದಾಗಿರಲಿಲ್ಲ.

ಅವತ್ತಿನಿಂದ ಅವನು ದಿನಾ ಮಧ್ಯಾಹ್ನ 12ರಿಂದ 4-30ರವರೆಗೆ ಮೆಷಿನ್ ನಿಲ್ಲಿಸುತ್ತಿದ್ದ. ಒಳಗಿನ ಶಾಖ ಎಷ್ಟು ಎಂದು, ತಗಡು ಬಿಚ್ಚಿದ ದಿನದಿಂದಲೇ, ದಿನಕ್ಕೆ ಎರಡು ಸಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ. ಆ ನೋಟ್‌ಬುಕ್ ಮೇಷ್ಟ್ರ ಹತ್ತಿರ ಇತ್ತು, ಇಂದು ತಮಗೆ ಹಾಜರುಪಡಿಸಿದ್ದೇನೆ. ಒಂದೇ ಹೊತ್ತಿನ ಶಾಖ ತಗಡು ಇಲ್ಲದಾಗ 66 ಡಿಗ್ರಿ, ತಗಡು ಹಾಕಿದ ಮೇಲೆ 89 ಡಿಗ್ರಿ ಎಂದು ಅವನ ಅಕ್ಷರದಲ್ಲೇ ಇದೆ. ಪಕ್ಕದಲ್ಲಿ, ಅಮ್ಮನಿಗೆ ಇನ್ನೊಂದು ಸಲ ಹೇಳಬೇಕು ಎಂದು ಬರೆದುಕೊಂಡಿದ್ದಾನೆ. ಈ ತಗಡಿನ ವಿಷಯವನ್ನು ನಾನು ಹಿಂದಿನ ಹೇಳಿಕೆಯಲ್ಲಿ ಮುಚ್ಚಿಟ್ಟೆ.

ದಿನಾಂಕ 13-04-2025ರಂದು ನಮ್ಮ ಓಲ್ಡ್ ಟೌನಿನ ಅಕ್ಕನ ಬಳಗ ಎಂಬ ಮಹಿಳಾ ಸಂಘದ ಒಂಬತ್ತು ಜನ ಹೆಂಗಸರು ಮೆಷಿನ್ ನೋಡಬೇಕೆಂದರು. ಎಲ್ಲರೂ ದುಡ್ಡು ಕೊಟ್ಟವರೇ. ಮಧ್ಯಾಹ್ನ 1-10ಕ್ಕೆ ಓಲ್ಡ್ ಟೌನಿನಿಂದ ಟೆಂಪೋದಲ್ಲಿ ಹೊರಟು 1-55ಕ್ಕೆ ನವುಲೆಯ ಗೋಡೌನಿಗೆ ಬಂದೆವು. ಜ್ಞಾನೇಶ್ ಊಟ ಬಿಟ್ಟು ಬಂದು ಬಾಗಿಲು ತೆಗೆದ. ಮೆಷಿನ್ ನಿಂತಿತ್ತು. ಒಬ್ಬರು, ಇದೇನ್ರೀ ರಾಜೇಶ್ವರಕ್ಕ, ಮುಚ್ಚಿಟ್ಟ ಬೀರು ತೋರಿಸೋಕೆ ಇಷ್ಟು ದೂರ ಕರ್ಕೊಂಡು ಬಂದ್ರಾ ಎಂದು ತಮಾಷೆ ಮಾಡಿದರು. ಎಲ್ಲರೂ ನಕ್ಕರು. ನನಗೆ ಅವಮಾನವಾಯಿತು. ಶುರು ಮಾಡಪ್ಪ ಎಂದೆ. ನಾಲ್ಕೂವರೆವರೆಗೆ ಬೇಡ ಅಮ್ಮಾ, ಬಿಸಿಲು ನೋಡಿ ಹೆಂಗಿದೆ ಎಂದ. ಅರ್ಧ ಗಂಟೆಗೆ ಏನೂ ಪ್ರಳಯ ಆಗಲ್ಲ, ನನ್ನ ಮರ್ಯಾದೆ ತೆಗೀಬೇಡ ಎಂದೆ. ಹಾಗಾದ್ರೆ ತಗಡು ಬಿಚ್ಚಿ ಶುರು ಮಾಡ್ತೀನಿ ಎಂದ. ಅವರು ನೋಡೋಕೆ ಬಂದಿರೋದೇ ಹೆಸರನ್ನ ಎಂದೆ.

ಮಧ್ಯಾಹ್ನ 2-05ಕ್ಕೆ ಅವನು ಹಿಂಬಾಗಿಲು ತೆರೆದಿಟ್ಟು, ಒಂದು ದೊಡ್ಡ ಫ್ಯಾನ್ ತಂದಿಟ್ಟು ಮೆಷಿನ್ ಶುರು ಮಾಡಿದ. ಹೆಂಗಸರು ತಮ್ಮ ತಮ್ಮ ಹೆಸರಿನ ಮೇಲೆ ಬೆರಳಿಟ್ಟು ಫೋಟೋ ತೆಗೆಸಿಕೊಂಡರು. ಯಾರೂ ಊದುಬತ್ತಿ, ಕರ್ಪೂರ ಹಚ್ಚಿಲ್ಲ. 2-30ಕ್ಕೆ ಹೆಂಗಸರು ಸೆಖೆ ತಡೆಯಲಾರದೆ ಹೊರಗೆ ಹೋಗಿ, ಅಂದಾಜು ಇನ್ನೂರು ಅಡಿ ದೂರದಲ್ಲಿ ನಿಲ್ಲಿಸಿದ್ದ ಟೆಂಪೋದ ಹತ್ತಿರ ಮಂಡಕ್ಕಿ ತಿನ್ನುತ್ತಾ ಕೂತರು. ಅವನು ನಿಲ್ಲಿಸ್ತೀನಿ ಅಮ್ಮಾ ಎಂದ. ಇರು, ನಾನೊಂದು ಫೋಟೋ ತೆಗೀತೀನಿ ಎಂದು ನಾನು ಇನ್ನೂ ಹತ್ತು ನಿಮಿಷ ಮಾಡಿದೆ.

2-40ಕ್ಕೆ ರಬ್ಬರ್ ಸುಟ್ಟ ವಾಸನೆ ಬಂತು. ಮೆಷಿನ್ನಿನ ಒಳಗಡೆ, ಕರೆಂಟ್ ಹಂಚುವ ಡಬ್ಬಿಯಿಂದ ಉರಿ ಎದ್ದಿದ್ದನ್ನು ನಾನು ಕಣ್ಣಾರೆ ನೋಡಿದೆ. ಜ್ಞಾನೇಶ್ ಮೊದಲು ನನ್ನ ತೋಳು ಹಿಡಿದು ಹೊರಗೆ ದಬ್ಬಿದ, ಆಮೇಲೆ ಮೇನ್ ಆಫ್ ಮಾಡಿ ತಾನೂ ಹೊರಗೆ ಬಂದ. ಅಷ್ಟರಲ್ಲಿ ಉರಿ ಪ್ಲೈವುಡ್ಡಿಗೆ ಹತ್ತಿ, ಆ ಕಡೆಯ ಶಾಮಿಯಾನ ಬಟ್ಟೆಗೆ ತಗುಲಿತ್ತು. 2-43ಕ್ಕೆ ಅವನು ಅಗ್ನಿಶಾಮಕದವರಿಗೆ ಫೋನ್ ಮಾಡಿದ. ಆಗ ನಾವಿಬ್ಬರೂ ಬಾಗಿಲಿನಿಂದ ಇಪ್ಪತ್ತೈದು ಅಡಿ ದೂರ, ಹೊಂಗೆ ಮರದ ಕೆಳಗೆ ನಿಂತಿದ್ದೆವು. ಅವನ ಮೈಮೇಲೆ ಒಂದು ಸಣ್ಣ ಗಾಯವೂ ಇರಲಿಲ್ಲ.

ಜ್ಞಾನೇಶ್ ತನ್ನ ಮೆಷಿನ್ ಉಳಿಸಿಕೊಳ್ಳಲು ಯಾರ ಮಾತೂ ಕೇಳದೆ ಒಳಗೆ ನುಗ್ಗಿದ ಎಂದು ಹಿಂದಿನ ಹೇಳಿಕೆಯಲ್ಲಿ ಹೇಳಿದ್ದೇನೆ. ಅದು ಸುಳ್ಳು. ನಡೆದದ್ದು ಹೀಗೆ. ನಾನು ಎದೆ ಬಡಿದುಕೊಂಡು ಅಳುತ್ತಿದ್ದೆ. ಅವನು ನನ್ನ ಭುಜ ಹಿಡಿದು, "ಅಳಬೇಡಿ ಅಮ್ಮಾ, ಒಂದು ಲೆಕ್ಕನೂ ಹಾಳಾಗಿಲ್ಲ, ಎಲ್ಲ ಹೋಗಿ ತಲುಪಿದೆ. ಮೆಷಿನ್ ಇನ್ನೊಂದು ಕಟ್ಟೋಣ" ಎಂದ. ಆಗ ನಾನು, "ನಮ್ಮೋರ ಹೆಸರು ಸುಡ್ತಿದೆಯಲ್ಲೋ, ಜ್ವರದಲ್ಲಿ ಅವರು ಸುಟ್ಟಿದ್ದು ಸಾಲದು ಅಂತ ಎರಡನೇ ಸಲ ಸುಡ್ತಿದೆಯಲ್ಲೋ, ನೋಡ್ಕೊಂಡು ನಿಂತಿದ್ದೀಯಲ್ಲೋ" ಎಂದು ಕೂಗಿದೆ. ಈ ಮಾತು ಬೇರೆ ಯಾರೂ ಕೇಳಿಲ್ಲ. ಅವನು, ಅಷ್ಟೇ ತಾನೇ ಅಮ್ಮಾ, ತಂದುಕೊಡ್ತೀನಿ ಎಂದ. ಬೈಕಿನ ಡಬ್ಬಿಯಿಂದ ಸ್ಪ್ಯಾನರ್ ತೆಗೆದುಕೊಂಡ. ಟವೆಲ್ಲನ್ನು ನಲ್ಲಿಯಲ್ಲಿ ಒದ್ದೆ ಮಾಡಿ ಮುಖಕ್ಕೆ ಕಟ್ಟಿಕೊಂಡ. ನಲ್ಲಿಯ ಹತ್ತಿರ ಅವನು ಅರ್ಧ ನಿಮಿಷವಾದರೂ ನಿಂತಿದ್ದ. ಬೇಡ ಬಾರೋ ಎನ್ನಲು ನನಗೆ ಅಷ್ಟು ಸಮಯ ಇತ್ತು. ನಾನು ಅನ್ನಲಿಲ್ಲ.

ಇಲ್ಲಿ ರೈಟರ್ ಧರ್ಮೇಂದ್ರ ಅವರು ಪೆನ್ನು ಕೆಳಗಿಟ್ಟು, ಗಾಬರಿಯಲ್ಲಿ ಆಡಿದ ಮಾತು ಬಿಡಿ ಅಮ್ಮ, ಇದೆಲ್ಲ ಬರೆಸಬೇಡಿ ಎಂದರು. ಬರೆಯಿರಿ ಎಂದು ನಾನು ಹೇಳಿದ್ದೇನೆ.

ಅವನು ಒಳಗೆ ಹೋದದ್ದು 2-47ಕ್ಕೆ. 2-51ಕ್ಕೆ ತಗಡಿನ ಛಾವಣಿ ಕುಸಿಯಿತು. ಅಗ್ನಿಶಾಮಕ ಗಾಡಿ 2-58ಕ್ಕೆ ಬಂತು. 3-35ಕ್ಕೆ ಅವನನ್ನು ಹೊರಗೆ ತಂದರು. ಕೈಯಲ್ಲಿ ಸ್ಪ್ಯಾನರ್ ಇದ್ದದ್ದಕ್ಕೆ, ತನ್ನ ಕಳಪೆ ಕೆಲಸ ಗೊತ್ತಾಗಬಾರದೆಂದು ವೈರ್ ಬಿಚ್ಚಲು ಹೋಗಿದ್ದ ಎಂದು ನವುಲೆಯಲ್ಲಿ ಜನ ಆಡಿಕೊಳ್ಳುತ್ತಿದ್ದಾರೆ. ಭೈರಪ್ಪನವರೂ ಹಾಗೇ ನಂಬಿದ್ದಾರೆ. ಅವರಿಗೆ ನಷ್ಟವಾಗಿರುವುದು ನಿಜ, ಅವರ ಮೇಲೆ ನನಗೆ ಕೋಪವಿಲ್ಲ. ಆದರೆ ತಮ್ಮ ಮಹಜರಿನಲ್ಲೇ, ತಗಡಿನ ನಾಲ್ಕು ಬೋಲ್ಟುಗಳಲ್ಲಿ ಮೂರು ಬಿಚ್ಚಿದ್ದವು ಎಂದಿದೆಯಂತೆ. ವೈರ್ ಬಿಚ್ಚಲು ಹೋದವನು ಹೆಸರಿನ ತಗಡಿನ ಬೋಲ್ಟ್ ಯಾಕೆ ಬಿಚ್ಚುತ್ತಾನೆ ಎಂದು ತಾವೇ ಯೋಚಿಸಬೇಕು.

ಶವಾಗಾರದ ಮುಂದೆ ನಾನು ಯಾಕೆ ಸುಳ್ಳು ಹೇಳಿದೆ ಎಂದರೆ, ಹೆದರಿಕೆಯಿಂದ. ಅವನ ಹೆಂಡತಿ ಸುಮನಾ ಮೂರು ಅಡಿ ದೂರದಲ್ಲಿ ಕೂತಿದ್ದಳು. ಬೇರೆ ಕಾರಣ ಇಲ್ಲ.

ನಿನ್ನೆ ದಿನಾಂಕ 18-04-2025ರಂದು ಬೆಳಿಗ್ಗೆ 11-15ಕ್ಕೆ ಸುಮನಾ ಒಬ್ಬಳೇ ಓಲ್ಡ್ ಟೌನಿಗೆ ನನ್ನ ಅಂಗಡಿಗೆ ಬಂದಳು. ನನಗೆ ಬೈಯಲು ಬಂದಳೆಂದು ತಿಳಿದು ನಾನು ಎದ್ದು ನಿಂತೆ. ಅವಳು, 23ಕ್ಕೆ ಹನ್ನೊಂದನೇ ದಿನದ ಶಿವಗಣಾರಾಧನೆ ಇಟ್ಕೊಂಡಿದ್ದೀವಿ ಅಮ್ಮಾ, ಬಂದವರಿಗೆ ಹಂಚೋಕೆ ನೂರಾ ಒಂದು ಲೋಟ ಬೇಕು ಎಂದಳು. ತೀರಿಕೊಂಡವರ ಹೆಸರು ಕೊರೆಸಿ ಲೋಟ ಹಂಚುವುದು ನಮ್ಮಲ್ಲಿ ಇದ್ದದ್ದೇ. ನಾನು ಲೋಟಗಳನ್ನು ತೆಗೆದಿಟ್ಟು, ಹೆಸರು ಹೇಗೆ ಕೊರೆಯಲಿ, ಇನಿಷಿಯಲ್ ಹಾಕಬೇಕಾ ಎಂದು ಕೇಳಿದೆ. ಅದಕ್ಕೆ ಅವಳು, "ಹೆಸರು ಬೇಡ ಅಮ್ಮಾ. ಹೆಸರು ನೋಡಿದ್ರೆ ಗೋಡೌನ್ ಸುಟ್ಟೋನು ಅಂತಾರೆ. ಅವರ ಅಪ್ಪ ಅಮ್ಮನೂ ಬೇಡ ಅಂದ್ರು. ಖಾಲಿ ಲೋಟನೇ ಕೊಡಿ" ಎಂದಳು. ಅಳಲಿಲ್ಲ. ಬಾಗಿಲ ಕಡೆ ನೋಡುತ್ತಾ ಹೇಳಿದಳು. ಯಾರಾದರೂ ಕೇಳಿಸಿಕೊಂಡರೇನೋ ಎಂಬ ನಾಚಿಕೆ ಅವಳಿಗೆ, ನನ್ನ ಮುಂದೆ.

ಆಗಲೂ ನನ್ನ ಬಾಯಿಂದ ನಿಜ ಬರಲಿಲ್ಲ. ಎರಡು ದಿನ ಬಿಟ್ಟು ಕಳಿಸಿಕೊಡ್ತೀನಿ ಕಣಮ್ಮ ಎಂದು ಹೇಳಿ ಕಳಿಸಿದೆ. ಬಸ್ ಸ್ಟ್ಯಾಂಡಿನವರೆಗೂ ಅವಳ ಹಿಂದೆ ಹೋದೆ, ಮಾತಾಡಿಸದೆ ವಾಪಸ್ ಬಂದೆ. ಮಧ್ಯಾಹ್ನ ಅಂಗಡಿ ಬಾಗಿಲು ಹಾಕಿದೆ. ಇವತ್ತು ಬೆಳಿಗ್ಗೆ ಮೊದಲು ಮೇಷ್ಟ್ರ ಮನೆಗೆ ಹೋಗಿ ಎಲ್ಲ ಹೇಳಿ, ನೋಟ್‌ಬುಕ್ ಮತ್ತು ರಸೀದಿ ಇಸಿದುಕೊಂಡು, ಅಲ್ಲಿಂದ ನೇರ ಇಲ್ಲಿಗೆ ಬಂದಿದ್ದೇನೆ.

ಆದ್ದರಿಂದ, ಉಸಿರಾಡುವ ಜಾಗಕ್ಕೆ ತಗಡು ಹೊಡೆಸಿದವಳು ನಾನು. ಅವನು ತೆಗೆದಾಗ ಮತ್ತೆ ಹಾಕಿಸಿದವಳು ನಾನು. ಬಿಸಿಲಿನಲ್ಲಿ ಶುರು ಮಾಡಿಸಿದವಳು, ಹೊರಗೆ ಬಂದು ಬದುಕಿದ್ದವನನ್ನು ಒಳಗೆ ಕಳಿಸಿದವಳು ನಾನು. ಭೈರಪ್ಪನವರ ನಷ್ಟಕ್ಕೆ ಸುಮನಾಳನ್ನು ಕೇಳಬಾರದು, ನನ್ನನ್ನು ಕೇಳಬೇಕು. ಹೀಗೆ ಬರೆಸಿದರೆ ನಿಮ್ಮ ಮೇಲೆ ಕೇಸ್ ಆಗುತ್ತೆ ಅಮ್ಮ, ವಕೀಲರನ್ನು ಕೇಳಿಕೊಂಡು ಬನ್ನಿ ಎಂದು ಸಾಹೇಬರು ಎರಡು ಸಲ ಹೇಳಿದರು. ಕೇಳುವುದೇನೂ ಇಲ್ಲ. ನೂರಾ ಒಂದು ಲೋಟ ಇನ್ನೂ ನನ್ನ ಅಂಗಡಿಯಲ್ಲೇ ಇವೆ. 23ನೇ ತಾರೀಕಿನೊಳಗೆ ಜ್ಞಾನೇಶನ ಹೆಸರನ್ನು ಆ ದೂರಿನಿಂದ ತೆಗೆದು ಅಲ್ಲಿ ನನ್ನ ಹೆಸರು ಬರೆಯಬೇಕು. ಅವನ ಹೆಸರು ಎಲ್ಲಿರಬೇಕೋ ಅಲ್ಲಿ ನಾನು ಕೊರೆಯುತ್ತೇನೆ.

ಬರೆದುಕೊಂಡಿದ್ದನ್ನು ಓದಿಸಿ ಕೇಳಿದ್ದೇನೆ, ಕನ್ನಡಕ ಹಾಕಿಕೊಂಡು ನಾನೂ ಓದಿದ್ದೇನೆ. ನಾನು ಹೇಳಿದ್ದೇ ಇದರಲ್ಲಿದೆ, ಬಿಟ್ಟದ್ದೂ ಸೇರಿಸಿದ್ದೂ ಇಲ್ಲ. ಹೋದ ಸಲವೂ ಇದೆಲ್ಲ ನಿಜ ಎಂದು ಬರೆದು ಸಹಿ ಹಾಕಿದ್ದೆ. ಈ ಸಲ ನಿಜಕ್ಕೇ ಹಾಕಿದ್ದೇನೆ.

ಸ್ಥಳ: ಶಿವಮೊಗ್ಗ
ದಿನಾಂಕ: 19-04-2025, ಮಧ್ಯಾಹ್ನ 12-50

ಸಹಿ/-
ಬಸವರಾಜೇಶ್ವರಿ